‘ಫಿತ್ನಾ’ ಸಂಘಟನೆಯ ಹೆಸರಲ್ಲ

ಸಂಪಾದಕರಿಗೆ ನಮಸ್ಕಾರ.

ಪಾಕಿಸ್ತಾನದ ಗಡಿಸೀಮೆಯ ಸುದ್ದಿ ಬಂದಾಗಲೆಲ್ಲ ‘ಫಿತ್ನಾ ಅಲ್ ಖವಾರಿಜ್ ಸಂಘಟನೆಯ ಉಗ್ರರ ಹತ್ಯೆ’ ಎಂಬಂಥ ಸಾಲುಗಳು ಕನ್ನಡ ಪತ್ರಿಕೆಗಳಲ್ಲಿ ಈಗ ಮಾಮೂಲಾಗಿವೆ. ನಿಮ್ಮ ವಿದೇಶ ಪುಟವೂ ಹೀಗೆಯೇ ಬರೆಯುತ್ತಿದೆ. ಆ ಹೆಸರಿನ ಸಂಘಟನೆಯೇ ಇಲ್ಲ. ಈ ಸುದ್ದಿಗಳಲ್ಲಿರುವ, ಅಲ್ಲಿನ ಸರ್ಕಾರದ ವಿರುದ್ಧ ಆಯುಧ ಹಿಡಿದ ತೆಹ್ರೀಕ್-ಎ-ತಾಲಿಬಾನ್ ಪಾಕಿಸ್ತಾನ, ಅಂದರೆ ಟಿಟಿಪಿ, ತನ್ನನ್ನು ಹಾಗೆ ಕರೆದುಕೊಂಡಿಲ್ಲ. ಅದನ್ನು ಹಾಗೆ ಕರೆಯಬೇಕೆಂದು 2024ರಲ್ಲಿ ಅಪ್ಪಣೆ ಹೊರಡಿಸಿದ್ದು ಪಾಕಿಸ್ತಾನ ಸರ್ಕಾರ. ಮರುವರ್ಷ ಬಲೂಚಿಸ್ತಾನದ ಸಶಸ್ತ್ರ ಗುಂಪುಗಳಿಗೆ ‘ಫಿತ್ನಾ ಅಲ್ ಹಿಂದುಸ್ತಾನ್’ ಎಂಬ ಹಣೆಪಟ್ಟಿಯೂ ಬಂತು. ಈ ಎರಡನೆಯದನ್ನು ಸಂಘಟನೆಯ ಹೆಸರೆಂದು ಅಚ್ಚು ಹಾಕುವುದು ಇನ್ನೂ ವಿಚಿತ್ರ. ‘ಹಿಂದುಸ್ತಾನ ಹಚ್ಚಿದ ಕಿಚ್ಚು’ ಎಂಬುದು ಅದರ ಭಾವ. ಬಲೂಚಿ ಗುಂಪುಗಳ ಬೆನ್ನಿಗೆ ಭಾರತವಿದೆ ಎಂದು ಪಾಕಿಸ್ತಾನ ಹೊರಿಸುವ, ಭಾರತ ತಳ್ಳಿಹಾಕುವ ಆರೋಪ ಇಡಿಯಾಗಿ ಆ ಪದಪುಂಜದೊಳಗೆ ಕೂತಿದೆ. ಉದ್ಧರಣ ಚಿಹ್ನೆಯೂ ಇಲ್ಲದೆ ಅದನ್ನು ಬರೆದರೆ, ಆ ಆರೋಪವನ್ನು ನಾವೇ ಒಪ್ಪಿಕೊಂಡು ಅಚ್ಚು ಹಾಕಿದ ಹಾಗೆ.

ಈ ತಪ್ಪು ಆದದ್ದು ಅನುವಾದಕರ ಸೋಮಾರಿತನದಿಂದಲ್ಲ. ಪದವೇ ಅಂಥದ್ದು. ಅದಕ್ಕೆ ಕನ್ನಡದಲ್ಲಿ ಒಂದೇ ಸಮಾನಪದ ಹುಡುಕಲು ಹೊರಟರೆ ಖಂಡಿತ ಎಡವುತ್ತೇವೆ.

ಅರಬ್ಬಿಯಲ್ಲಿ ಫಿತ್ನಾ ಪದದ ಧಾತು ಫ-ತ-ನ ಎಂಬ ಮೂರು ವ್ಯಂಜನ. ಇಬ್ನ್ ಮನ್ಜೂರ್ 13ನೇ ಶತಮಾನದ ಕೊನೆಯ ಹೊತ್ತಿಗೆ ಒಟ್ಟುಮಾಡಿದ ‘ಲಿಸಾನುಲ್ ಅರಬ್’ ನಿಘಂಟು ಇದರ ಮೂಲಾರ್ಥವನ್ನು ಅಕ್ಕಸಾಲಿಯ ಕುಲುಮೆಯಿಂದ ತೆಗೆಯುತ್ತದೆ: ಕೆಟ್ಟದ್ದನ್ನು ಒಳ್ಳೆಯದರಿಂದ ಬೇರೆ ಮಾಡಲು ಚಿನ್ನ ಬೆಳ್ಳಿಗಳನ್ನು ಬೆಂಕಿಯಲ್ಲಿ ಕರಗಿಸುವುದು. ಅಕ್ಕಸಾಲಿಗೂ ಸೈತಾನನಿಗೂ ‘ಫತ್ತಾನ್’ ಎಂಬ ಒಂದೇ ಹೆಸರಿತ್ತು ಎಂದು ಅದೇ ನಿಘಂಟು ಹೇಳುತ್ತದೆ. ಸುಟ್ಟು ಕರಕಲಾದಂತಿರುವ ಕಪ್ಪು ಕಲ್ಲಿನ ನೆಲಕ್ಕೆ ‘ಫತೀನ್’ ಎನ್ನುತ್ತಿದ್ದರು.

ನಮ್ಮಲ್ಲಿ ‘ಪುಟಕ್ಕಿಟ್ಟ ಚಿನ್ನ’ ಎನ್ನುತ್ತೇವಲ್ಲ, ಫಿತ್ನಾದ ಮೊದಲ ಅರ್ಥಕ್ಕೆ ಅದಕ್ಕಿಂತ ಹತ್ತಿರದ ಮಾತಿಲ್ಲ. ‘ಒರೆಗೆ ಹಚ್ಚುವುದು’ ಇಲ್ಲಿ ಸಲ್ಲದು. ಒರೆಗಲ್ಲಿನ ಮೇಲೆ ಗೀಚಿದಾಗ ಒಡವೆಗೆ ಏನೂ ಆಗುವುದಿಲ್ಲ, ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ ಅಷ್ಟೆ. ಕುಲುಮೆಯ ಪರೀಕ್ಷೆಯಲ್ಲಿ ಒಡವೆ ಒಡವೆಯಾಗಿ ಉಳಿಯುವುದೇ ಇಲ್ಲ. ತಾಮ್ರ ಬೆರೆತ ಚಿನ್ನವನ್ನು ಬರೀ ಕಾಯಿಸಿದರೆ ಎರಡೂ ಕರಗಿ ಒಂದಾಗುತ್ತವೆ, ಬೇರ್ಪಡುವುದಿಲ್ಲ. ಅದಕ್ಕೆ ಸೀಸ ಸೇರಿಸಿ, ಮೂಳೆಬೂದಿಯಿಂದ ಮಾಡಿದ ಬಟ್ಟಲಲ್ಲಿಟ್ಟು, ಗಾಳಿಯಾಡುವಂತೆ ಕಾಯಿಸಬೇಕು. ಗಾಳಿ ತಾಗಿ ಸೀಸ ಕಿಟ್ಟವಾಗುತ್ತದೆ, ಜೊತೆಗೆ ತಾಮ್ರವನ್ನೂ ಕಿಟ್ಟವಾಗಿಸಿ ಎಳೆದುಕೊಂಡು ಬಟ್ಟಲಿನ ಬೂದಿಯೊಳಗೆ ಇಂಗಿಹೋಗುತ್ತದೆ. ಕೊನೆಗೆ ಉಳಿಯುವುದು ಹೊಳೆಯುವ ಸಣ್ಣ ಗುಂಡಿಯಷ್ಟು ಚಿನ್ನ, ಬೆಳ್ಳಿ ಸೇರಿದ್ದರೆ ಅದೂ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಪದಕ್ಕೆ ಮುಂದೆ ಬಂದ ಎಲ್ಲ ಅರ್ಥಗಳಲ್ಲೂ ಈ ಕಾವಿನ ಒಂದಂಶ ಉಳಿದಿದೆ: ಸುಡು, ಕರಗಿಸು, ಬೇರ್ಪಡಿಸು.

ಇಬ್ನುಲ್ ಅಅರಾಬಿ ಎಂಬ ಹಳೆಯ ಭಾಷಾಪಂಡಿತ ಕೊಟ್ಟ ಪಟ್ಟಿಯನ್ನು ಲಿಸಾನ್ ಉಲ್ಲೇಖಿಸುತ್ತದೆ. ಅವನ ಲೆಕ್ಕದಲ್ಲಿ ಫಿತ್ನಾ ಎಂದರೆ ಪರೀಕ್ಷೆ, ಸಂಕಟ, ಸಂಪತ್ತು, ಮಕ್ಕಳು, ಸತ್ಯನಿರಾಕರಣೆ, ಜನರಲ್ಲಿ ಅಭಿಪ್ರಾಯಭೇದ, ಬೆಂಕಿಯಲ್ಲಿ ಸುಡುವುದು. ಏಳರಲ್ಲಿ ‘ಗಲಭೆ’ಗೆ ಹತ್ತಿರ ಬರುವುದು ಒಂದೇ. ಮಕ್ಕಳೂ ಫಿತ್ನಾ ಎಂದರೆ ಕನ್ನಡದ ಓದುಗರು ಹುಬ್ಬೇರಿಸಬಹುದು. ಮಕ್ಕಳನ್ನು ಬೆಳೆಸಿದವರಿಗೆ ವಿವರಣೆ ಬೇಕಿಲ್ಲ.

ಕುರ್‌ಆನ್‌ನಲ್ಲಿ ಈ ಧಾತುವಿನ ರೂಪಗಳು 60 ಸಲ ಬರುತ್ತವೆ, ಅವುಗಳಲ್ಲಿ ‘ಫಿತ್ನಾ’ ಎಂಬ ನಾಮಪದವೇ 34 ಸಲ. ಪ್ರತಿ ಕಡೆಯೂ ಅರ್ಥ ಹೊರಳುತ್ತದೆ. 8:28ರಲ್ಲಿ, ಅಂದರೆ 8ನೇ ಅಧ್ಯಾಯದ 28ನೇ ವಾಕ್ಯದಲ್ಲಿ, ನಿಮ್ಮ ಸಂಪತ್ತು, ಮಕ್ಕಳು ಫಿತ್ನಾ ಎಂದಿದೆ. ಅಲ್ಲಿ ಅದು ಪರೀಕ್ಷೆ. 51:13ರಲ್ಲಿ ತೀರ್ಪಿನ ದಿನವನ್ನು ನಂಬದವರು ಆ ದಿನ ಬೆಂಕಿಯ ಮೇಲೆ ‘ಯುಫ್ತನೂನ್’ ಆಗುತ್ತಾರೆ, ಅಂದರೆ ಸುಡಲ್ಪಡುತ್ತಾರೆ. ಕುಲುಮೆಯ ಅರ್ಥ ಹಾಗೇ ನಿಂತಿರುವ ಜಾಗ ಅದು. 85:10ರಲ್ಲಿ ನಂಬಿಕೆಯುಳ್ಳ ಗಂಡಸರಿಗೂ ಹೆಂಗಸರಿಗೂ ಕೊಟ್ಟ ಚಿತ್ರಹಿಂಸೆ. 68:6ರ ‘ಮಫ್ತೂನ್’ ಬುದ್ಧಿ ಕೆಟ್ಟವನು. 3:7ರಲ್ಲಿ ಅಸ್ಪಷ್ಟ ವಾಕ್ಯಗಳ ಬೆನ್ನುಬಿದ್ದು ಒಡಕು ಹುಟ್ಟಿಸುವುದು. 2:102ರಲ್ಲಿ ಹಾರೂತ್, ಮಾರೂತ್ ಎಂಬ ಇಬ್ಬರು ದೇವದೂತರು ಮಾಟ ಕಲಿಸುವ ಮೊದಲು ‘ನಾವು ಬರೀ ಫಿತ್ನಾ’ ಎಂದು ಎಚ್ಚರಿಸುತ್ತಾರೆ. ಅಲ್ಲಿ ‘ನಾವು ಗಲಭೆ’ ಎಂದು ಅನುವಾದಿಸಿದರೆ ಹೇಗಿರುತ್ತದೆ, ನೀವೇ ಯೋಚಿಸಿ.

ಹೆಚ್ಚು ಗದ್ದಲಕ್ಕೆ ಕಾರಣವಾಗಿರುವುದು 2:191. ‘ಫಿತ್ನಾ ಕೊಲೆಗಿಂತ ಘೋರ’ ಎಂಬ ತುಂಡನ್ನು ಮಾತ್ರ ಕತ್ತರಿಸಿ ಮೊಬೈಲುಗಳಲ್ಲಿ ಹಂಚುವವರು ಎರಡೂ ಕಡೆ ಇದ್ದಾರೆ. ‘ಜಗಳ ಮಾಡಿದವನನ್ನು ಕೊಲ್ಲಬಹುದು’ ಎಂಬ ಅಪ್ಪಣೆ ಎಂದು ಒಬ್ಬರು ಓದುತ್ತಾರೆ, ತಮಗಾಗದ ಟೀಕಾಕಾರನ ಬಾಯಿ ಮುಚ್ಚಿಸಲು ಇನ್ನೊಬ್ಬರು ಬಳಸುತ್ತಾರೆ. ವಾಕ್ಯದ ಸಂದರ್ಭ ಮಕ್ಕಾದಿಂದ ಮುಸ್ಲಿಮರನ್ನು ಹೊರಗಟ್ಟಿದವರ ಜೊತೆಗಿನ ಕಾಳಗ. ಅದರ ಹಿಂದಿನ ವಾಕ್ಯವೇ ಹದ್ದು ಮೀರಬೇಡಿ ಎನ್ನುತ್ತದೆ. 10ನೇ ಶತಮಾನದ ಆರಂಭದಲ್ಲಿ ತೀರಿಕೊಂಡ ತಬರಿ ತನ್ನ ವ್ಯಾಖ್ಯಾನದಲ್ಲಿ ಇಲ್ಲಿನ ಫಿತ್ನಾವನ್ನು ಬಿಡಿಸುವುದು ಹೀಗೆ: ನಂಬಿಕೆಯುಳ್ಳವನನ್ನು ಅವನ ಧರ್ಮದ ವಿಷಯದಲ್ಲಿ ಕಾಡಿ, ಅವನು ಅದನ್ನು ಬಿಟ್ಟು ಬಹುದೇವಾರಾಧನೆಗೆ ಮರಳುವಂತೆ ಮಾಡುವುದು, ಅವನು ತನ್ನ ಧರ್ಮದಲ್ಲಿದ್ದುಕೊಂಡೇ ಕೊಲೆಯಾಗುವುದಕ್ಕಿಂತ ಅವನಿಗೆ ಹೆಚ್ಚು ಹಾನಿಕರ. ಅಂದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇರುವುದು ಕಿರುಕುಳಕ್ಕೊಳಗಾದವನ ಎರಡು ಗತಿಗಳು. ಇದನ್ನು ಒಪ್ಪುವುದು ಬಿಡುವುದು ಓದುಗನ ಇಷ್ಟ. ಕನ್ನಡದಲ್ಲಿ ಇಲ್ಲಿ ‘ಧರ್ಮದ ಕಾರಣಕ್ಕೆ ಕೊಡುವ ಕಿರುಕುಳ’ ಎಂದು ಬರೆಯಬೇಕು. ‘ಕ್ಷೋಭೆ’ ಎಂದಷ್ಟೇ ಬರೆದರೆ ವ್ಯಾಖ್ಯಾನಕಾರರು ಹೇಳಿದ್ದು ಪೂರ್ತಿ ಬಿದ್ದುಹೋಗುತ್ತದೆ.

ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್‌ಗಳಲ್ಲಿ ಇನ್ನೊಂದು ನೆಲೆ. ಬುಖಾರಿಯ ಸಂಗ್ರಹದಲ್ಲಿ ‘ಫಿತನ್’ ಎಂಬ ಇಡೀ ವಿಭಾಗವೇ ಇದೆ. ಫಿತನ್ ಎಂದರೆ ಫಿತ್ನಾದ ಬಹುವಚನ. ಅಂಥ ಕಾಲದಲ್ಲಿ ಕೂತವನು ನಿಂತವನಿಗಿಂತ ಮೇಲು, ನಿಂತವನು ನಡೆಯುವವನಿಗಿಂತ ಮೇಲು ಎಂಬ ಮಾತು ಬರುವುದು ಅಲ್ಲಿ. ಆದರೆ ನನಗೆ ಹೆಚ್ಚು ಉಪಯುಕ್ತವೆನಿಸುವ ಉದಾಹರಣೆ ಪ್ರವಾದಿಯವರ ಸಂಗಾತಿ ಮುಆದ್ ಇಬ್ನ್ ಜಬಲ್ ಅವರದು. ರಾತ್ರಿಯ ನಮಾಜಿಗೆ ಮುಂದೆ ನಿಂತು ಅವರು ಕುರ್‌ಆನ್‌ನ ಅತಿ ಉದ್ದದ ಅಧ್ಯಾಯವಾದ ‘ಬಕರಾ’ವನ್ನು ಓದತೊಡಗಿದರು. ಹಗಲೆಲ್ಲ ದುಡಿದು ದಣಿದಿದ್ದ ಒಬ್ಬಾತ ಸಾಲು ಬಿಟ್ಟು ಹೋಗಿ ತನ್ನ ಪಾಡಿಗೆ ನಮಾಜು ಮುಗಿಸಿದ. ದೂರು ಪ್ರವಾದಿಯವರ ಕಿವಿಗೆ ಬಿದ್ದಾಗ ಅವರು ಮುಆದರನ್ನು ಮೂರು ಸಲ ಕೇಳಿದ್ದು, ‘ನೀನು ಫತ್ತಾನನೇ ಮುಆದ್?’ ಎಂದು. ಇನ್ನು ಮುಂದೆ ‘ಶಮ್ಸ್’, ‘ಲೈಲ್’ನಂಥ ಚಿಕ್ಕ ಅಧ್ಯಾಯ ಓದು ಎಂದೂ ಹೇಳಿದರು. ಇಲ್ಲಿ ಖಡ್ಗವಿಲ್ಲ, ಬಂಡಾಯವಿಲ್ಲ. ಜನ ಬೇಸತ್ತು ಬಿಟ್ಟುಹೋಗುವಷ್ಟು ಅವರನ್ನು ಕಾಯಿಸುವುದೂ ಫಿತ್ನಾವೇ. ಈ ಒಂದು ಪ್ರಸಂಗ ನೆನಪಿದ್ದರೆ ಸಾಕು, ಪದವನ್ನು ಕಣ್ಣುಮುಚ್ಚಿ ‘ದಂಗೆ’ ಎಂದು ಬರೆಯಲು ಕೈ ಹೋಗುವುದಿಲ್ಲ.

‘ಅಂತಃಕಲಹ’ ಎಂಬ ಅರ್ಥ ಗಟ್ಟಿಯಾದದ್ದು ಇತಿಹಾಸದಿಂದ. 656ರಲ್ಲಿ ಮದೀನಾದಲ್ಲಿ ಮೂರನೆಯ ಖಲೀಫ ಉಸ್ಮಾನರ ಕೊಲೆಯಾಯಿತು. ಅಲ್ಲಿಂದ 661ರವರೆಗಿನ ಐದು ವರ್ಷವನ್ನು ‘ಅಲ್ ಫಿತ್ನತುಲ್ ಕುಬ್ರಾ’, ದೊಡ್ಡ ಫಿತ್ನಾ, ಎನ್ನುತ್ತಾರೆ. ಬಸ್ರಾದ ಹತ್ತಿರ ಒಂಟೆಯ ಕಾಳಗ, 657ರಲ್ಲಿ ಯೂಫ್ರೆಟಿಸ್ ದಂಡೆಯ ಸಿಫ್ಫೀನ್‌ನಲ್ಲಿ ನಾಲ್ಕನೆಯ ಖಲೀಫ ಅಲಿ ಮತ್ತು ಎದುರಾಳಿ ಮುಆವಿಯಾರ ಕಾಳಗ, ಆಮೇಲೆ ಅವರಿಬ್ಬರ ನಡುವೆ ಮಧ್ಯಸ್ಥಿಕೆ. ಮಧ್ಯಸ್ಥಿಕೆಯನ್ನು ಒಪ್ಪದೆ ಅಲಿಯವರ ಪಾಳೆಯದಿಂದ ಹೊರನಡೆದವರೇ ಖವಾರಿಜ್. ‘ಹೊರಗೆ ಹೋಗು’ ಎಂಬುದು ಆ ಧಾತು. ನಮ್ಮ ಕೈಯಿಂದ ಹೊರಹೋಗುವ ‘ಖರ್ಚು’ ಕೂಡ ಅದೇ ಬಳಗದ್ದು. 658ರಲ್ಲಿ ನಹ್ರವಾನ್‌ನಲ್ಲಿ ಈ ಹೊರನಡೆದವರನ್ನು ಅಲಿಯವರು ಸೋಲಿಸಿದರು. 661ರಲ್ಲಿ ಅವರಲ್ಲೊಬ್ಬ ಕೂಫಾದಲ್ಲಿ ಅಲಿಯವರನ್ನೇ ಕೊಂದ. ಈ ಹಿನ್ನೆಲೆ ಗೊತ್ತಿದ್ದರೆ ಪಾಕಿಸ್ತಾನ ಸರ್ಕಾರ ಟಿಟಿಪಿಗೆ ಆ ಹೆಸರನ್ನೇ ಏಕೆ ಹುಡುಕಿತು ಎಂಬುದು ಬಿಡಿಸಿ ಹೇಳದೆಯೂ ಅರ್ಥವಾಗುತ್ತದೆ. ಧರ್ಮದ ಹೆಸರಿನಲ್ಲಿ ಆಯುಧ ಹಿಡಿದವರನ್ನು ಧರ್ಮದ ಮಾತಿನಿಂದಲೇ ಧರ್ಮದ ಹೊರಗೆ ನಿಲ್ಲಿಸುವ ಉಪಾಯ ಅದು.

ಇತಿಹಾಸಕಾರರು ಮುಂದಿನ ಅಂತಃಕಲಹಗಳಿಗೂ ಎಣಿಕೆ ಹಾಕಿದ್ದಾರೆ. 680ರಿಂದ 692ರವರೆಗಿನದು ಎರಡನೆಯದು, 744ಕ್ಕೆ ಶುರುವಾದದ್ದು ಮೂರನೆಯದು, ಹಾರೂನ್ ಅಲ್ ರಶೀದನ ಮಕ್ಕಳಾದ ಅಮೀನ್, ಮಾಮೂನ್ ಕಾದಾಡಿದ್ದು ನಾಲ್ಕನೆಯದು. ಸ್ಪೇನಿನ ಕಾರ್ಡೊಬಾ ಖಲೀಫಗಿರಿ ಚೂರಾದ 1009ರಿಂದ 1031ರ ಅವಧಿಗೂ ಅದೇ ಹೆಸರು. ಎರಡನೆಯದರಲ್ಲಿ ಒಂದು ತೊಡಕಿದೆ. ಪ್ರವಾದಿಯವರ ಮೊಮ್ಮಗ ಹುಸೇನರು ಖಲೀಫ ಯಜೀದನ ಪಡೆಯಿಂದ ಹತರಾದ 680ರ ಕರ್ಬಲಾ ಆ ಲೆಕ್ಕದೊಳಗೆ ಬೀಳುತ್ತದೆ. ಪಠ್ಯಪುಸ್ತಕದ ಕಾಲಸೂಚಿಯಲ್ಲಿ ‘ಎರಡನೆಯ ಫಿತ್ನಾ’ ಎಂದರೆ ತಪ್ಪಲ್ಲ. ಆದರೆ ಮೊಹರಂ ವಿಶೇಷ ಲೇಖನದಲ್ಲಿ ಹುಸೇನರು ಫಿತ್ನಾ ಎಬ್ಬಿಸಿದರು ಎಂಬ ಧಾಟಿಯ ವಾಕ್ಯ ನುಸುಳಿದರೆ, ಅದು ಯಜೀದನ ಆಸ್ಥಾನದಲ್ಲಿ ಕೂತು ಬರೆದ ವಾಕ್ಯ. ಉತ್ತರ ಕರ್ನಾಟಕದ ಊರೂರಿನಲ್ಲಿ ಮೊಹರಂ ಬೆಂಕಿಕುಂಡವಾದ ಅಲಾಬಿನ ಸುತ್ತ ಜಾತಿಭೇದವಿಲ್ಲದೆ ಕನ್ನಡದಲ್ಲೇ ಕರ್ಬಲಾದ ಕಥೆಯ ರಿವಾಯತ್ ಪದ ಹಾಡುವವರಿಗೆ ಅದು ಕರ್ಕಶವಾಗಿ ಕೇಳುತ್ತದೆ.

ಇಲ್ಲೇ ಇರುವುದು ಪದದ ಗುಟ್ಟು. ಯಾರೂ ತಾವು ಮಾಡಿದ್ದನ್ನು ಫಿತ್ನಾ ಎನ್ನುವುದಿಲ್ಲ. ಅರಬ್ಬಿಯಲ್ಲಿ ಯುದ್ಧಕ್ಕೆ ‘ಹರ್ಬ್’, ಕ್ರಾಂತಿಗೆ ‘ಸೌರಾ’, ಧರ್ಮಶಾಸ್ತ್ರದ ಪರಿಭಾಷೆಯಲ್ಲಿ ಅಧಿಕಾರದ ವಿರುದ್ಧದ ಬಂಡಾಯಕ್ಕೆ ‘ಬಗ್ಯ್’ ಎಂಬ ಪದಗಳಿವೆ. ಫಿತ್ನಾ ಎಂದೊಡನೆ ತೀರ್ಪು ಕೊಟ್ಟಾಯಿತು. 2011ರಲ್ಲಿ ಸಿರಿಯಾದ ಬೀದಿಗಳಲ್ಲಿದ್ದವರು ‘ಸೌರಾ’ ಎಂದರು, ಅಧ್ಯಕ್ಷ ಬಶರ್ ಅಲ್ ಅಸದ್ ಮಾರ್ಚ್ ಕೊನೆಯ ಭಾಷಣದಲ್ಲಿ ಅದನ್ನೇ ‘ಫಿತ್ನಾ’ ಎಂದರು. ಇರಾನಿನ 2009ರ ಚುನಾವಣೋತ್ತರ ಪ್ರತಿಭಟನೆ ಸರ್ಕಾರಿ ಬಾಯಿಯಲ್ಲಿ ‘ಫಿತ್ನೆ 88’. ಅವರ ಪಂಚಾಂಗದಲ್ಲಿ ಅದು 1388ನೇ ವರ್ಷ. ನಮ್ಮ ರಾಜಕಾರಣಿಗಳು ಎದುರಾಳಿಯ ಪ್ರತಿಯೊಂದು ನಡೆಗೂ ‘ಪಿತೂರಿ’ ಎನ್ನುವ ಹಾಗೆ.

‘ಪಿತೂರಿ’ ಎಂದೆ. ಅದು ಫಿತ್ನಾದಿಂದಲೇ ಬಂದದ್ದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಒಪ್ಪುವುದು ಕಷ್ಟ. ಫಿತ್ನಾದ ಮೂರನೆಯ ವ್ಯಂಜನ ನ, ಪಿತೂರಿಯದು ರ. ಅರಬ್ಬಿ ಪದಗಳು ಫಾರಸಿ, ಉರ್ದು, ಮರಾಠಿಗಳ ದಾರಿಯಲ್ಲಿ ನಮ್ಮಲ್ಲಿಗೆ ಬರುವಾಗ ಸ್ವರ ಕೆಡುವುದುಂಟು, ಧಾತುವಿನ ವ್ಯಂಜನ ಸುಲಭಕ್ಕೆ ಬದಲಾಗುವುದಿಲ್ಲ. ಪಿತೂರಿಯ ಹಿಂದೆ ಇರುವುದು ಫ-ತ-ರ ಧಾತುವಿನ ‘ಫುತೂರ್’. ಅದರ ಮೂಲಾರ್ಥ ಸಡಿಲವಾಗುವುದು, ಬಲ ಕುಂದುವುದು. ಉರ್ದುವಿಗೆ ಬರುವಷ್ಟರಲ್ಲಿ ಅದು ಐಬು, ಕೆಡುಕು, ಜಗಳ ಎಂದೆಲ್ಲ ಆಯಿತು. ಆಮೇಲೆ ಒಂದೊಂದು ನುಡಿ ಒಂದೊಂದು ಕಡೆ ಎಳೆದುಕೊಂಡಿತು. ಹಿಂದಿಯಲ್ಲಿ ‘ಫಿತೂರ್’ ತಲೆಗೇರಿದ ಹುಚ್ಚು. ಮರಾಠಿಯಲ್ಲಿ ಎದುರಾಳಿಗೆ ಒಳಗಿಂದೊಳಗೆ ಸೇರಿಕೊಳ್ಳುವುದು. ಕೋರ್ಟಿನಲ್ಲಿ ಸಾಕ್ಷಿ ತಿರುಗಿಬಿದ್ದರೆ ‘ಸಾಕ್ಷೀದಾರ ಫಿತೂರ’ ಎಂದು ಮರಾಠಿ ಪತ್ರಿಕೆಗಳು ಬರೆಯುವುದನ್ನು ಬೆಳಗಾವಿಯ ಓದುಗರು ಬಲ್ಲರು. ತೆಲುಗಿನಲ್ಲಿ ಬಹಿರಂಗ ಬಂಡಾಯ. ಗೋದಾವರಿ ಏಜೆನ್ಸಿಯ ಗುಡ್ಡಗಾಡಿನಲ್ಲಿ 1879ರಲ್ಲೂ, ಅಲ್ಲೂರಿ ಸೀತಾರಾಮರಾಜು ಮುಂದಾಳಾಗಿ 1922ರಿಂದ 1924ರವರೆಗೂ ನಡೆದವು ಬ್ರಿಟಿಷರ ಕಡತಗಳಲ್ಲಿ ‘ರಂಪಾ ಫಿತೂರಿ’. ಕನ್ನಡದಲ್ಲಿ ಮಾತ್ರ ಅದು ಗುಟ್ಟಿನ ಸಂಚು. ಬಯಲಿಗೆ ಬಂದರೆ ನಾವು ಅದನ್ನು ಪಿತೂರಿ ಎನ್ನುವುದೇ ಇಲ್ಲ.

ಹೀಗಾಗಿ ಫಿತ್ನಾ ಎಂದಲ್ಲಿ ‘ಪಿತೂರಿ’ ಹಾಕುವುದು ಎರಡು ಕಾರಣಕ್ಕೆ ಕೆಡುತ್ತದೆ. ಪಿತೂರಿಗೆ ಕನಿಷ್ಠ ಇಬ್ಬರು ಬೇಕು, ಅವರ ನಡುವೆ ಒಪ್ಪಂದ ಬೇಕು. ಭಾರತೀಯ ನ್ಯಾಯ ಸಂಹಿತೆಯ 61ನೇ ಕಲಂ ಕೂಡ ಅದನ್ನೇ ಕೇಳುತ್ತದೆ. ಫಿತ್ನಾಕ್ಕೆ ಒಬ್ಬನೇ ಸಾಕು. ಹಣದ ಥೈಲಿಯೂ ಫಿತ್ನಾ ಆಗಬಲ್ಲದು, ಅದಕ್ಕೆ ಸಂಚು ಮಾಡಲು ಬಾರದು. ಇನ್ನು ಫತ್ವಾ, ಫತೇ ಇವೆರಡೂ ಬೇರೆಯೇ ಧಾತುಗಳು. ಕನ್ನಡ ಲಿಪಿಯಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ ಅಷ್ಟೆ. ‘ಫಿತ್ನಾ ಹೊರಡಿಸಿದ ಮೌಲ್ವಿ’ ಎಂಬ ಶೀರ್ಷಿಕೆ ಬಂದರೆ ಅದು ಕೈತಪ್ಪು, ಆದರೆ ಬೆಂಕಿ ಹೊತ್ತಿಸಬಲ್ಲ ಕೈತಪ್ಪು.

ಫಿತ್ನಾ ಹೋದ ದೇಶಗಳಲ್ಲೆಲ್ಲ ಬೇರೆ ಬೇರೆ ಅಂಗಿ ತೊಟ್ಟಿದೆ. ಸ್ವಾಹಿಲಿಯ ‘ಫಿತಿನಾ’, ತುರ್ಕಿಯ ‘ಫಿತ್ನೆ’ ಮನೆಮನೆ ನಡುವೆ ತಂದಿಡುವ ಕೆಲಸ. ಈಜಿಪ್ಟಿನ ಆಡುಮಾತಿನಲ್ಲಿ ‘ಫತ್ತಾನ್’ ಎಂದರೆ ಮೇಷ್ಟ್ರಿಗೆ ಚಾಡಿ ಹೇಳುವ ಹುಡುಗ. ಅದೇ ಅರಬ್ಬಿಯಲ್ಲಿ ‘ಫಾತಿನ್’ ಮನಸೂರೆಗೊಳ್ಳುವ ಚೆಲುವು, ಹೆಣ್ಣುಮಕ್ಕಳಿಗೆ ಇಡುವ ಹೆಸರು. ಈಜಿಪ್ಟಿನ ನಟಿ ಫಾತಿನ್ ಹಮಾಮಾ ಹೆಸರಲ್ಲಿರುವುದು ಇದೇ ಧಾತು. ಫಾರಸಿ, ಉರ್ದು ಕವಿಗಳಿಗೆ ನಲ್ಲೆಯ ಕಣ್ಣೇ ಫಿತ್ನಾ. ಎಲ್ಲಕ್ಕಿಂತ ದೂರ ಸಾಗಿದ್ದು ಮಲಯ, ಇಂಡೊನೇಷ್ಯಾ ನುಡಿಗಳಲ್ಲಿ. ಅಲ್ಲಿ ‘ಫಿತ್ನಾಹ್’ ಎಂದರೆ ಸುಳ್ಳು ಅಪವಾದ, ಮಾನಹಾನಿ. ‘ಫಿತ್ನಾಹ್ ಲೆಬಿಹ್ ಕೆಜಾಮ್ ದಾರಿ ಪೆಂಬುನುಹಾನ್’, ಅಪವಾದ ಕೊಲೆಗಿಂತ ಕ್ರೂರ, ಎಂಬ ಗಾದೆ ಅಲ್ಲಿ ಎಲ್ಲರ ಬಾಯಲ್ಲಿದೆ. ಕುರ್‌ಆನ್ ವಾಕ್ಯದ ಪದಗಳು ಹಾಗೇ ಉಳಿದು ಅರ್ಥ ಮಾತ್ರ ಜಾರಿದ್ದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗದು. ಕ್ವಾಲಾಲಂಪುರದ ಮಂತ್ರಿಯೊಬ್ಬರು ‘ಇದು ಫಿತ್ನಾಹ್’ ಎಂದ ಸುದ್ದಿ ಬಂದರೆ ‘ನನ್ನ ಮೇಲೆ ಹೊರಿಸಿದ್ದು ಸುಳ್ಳು’ ಎಂದಷ್ಟೇ ಬರೆಯಬೇಕು. ‘ಮಂತ್ರಿಯಿಂದ ದಂಗೆಯ ಎಚ್ಚರಿಕೆ’ ಎಂದಾದರೆ ಕೆಲಸ ಕೆಟ್ಟಿತು.

ಉಪಸಂಪಾದಕರ ಮೇಜಿಗೆ ಈ ಪದ ಬಂದಾಗ ಮೊದಲು ನೋಡಬೇಕಾದ್ದು ಅದು ಯಾವ ನುಡಿಯಿಂದ ಬಂತು ಎಂಬುದನ್ನು. ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿಯಲ್ಲಿ ಕಾಗುಣಿತ ಒಂದೇ ಇರುವುದರಿಂದ ಜಕಾರ್ತಾದ ಫಿತ್ನಾಹ್‌ಗೂ ಬೈರೂತಿನ ಫಿತ್ನಾಕ್ಕೂ ವ್ಯತ್ಯಾಸ ಕಾಣಿಸುವುದಿಲ್ಲ. ಆಮೇಲೆ ಆಡಿದವರು ಯಾರು ಎಂಬುದು. ಸರ್ಕಾರದ ಮಾತಾದರೆ ‘ಸರ್ಕಾರವು ಒಡಕು ಹುಟ್ಟಿಸುವ ಕೃತ್ಯ ಎಂದು ಕರೆದಿದೆ’ ಎಂಬ ಹೊರಚೌಕಟ್ಟು ಬೇಕೇ ಬೇಕು. ಈಜಿಪ್ಟ್, ಲೆಬನಾನಿನ ಪತ್ರಿಕೆಗಳ ‘ಫಿತ್ನಾ ತಾಇಫಿಯ್ಯಾ’ ನೇರವಾಗಿ ಪಂಗಡಗಳ ನಡುವಿನ ಕಲಹ. ಅಲ್ಲಿ ‘ಕೋಮುಗಲಭೆ’ ಎಂದರೂ ನಡೆಯುತ್ತದೆ, ಆದರೆ ಬಡಿದಾಟ ನಿಜಕ್ಕೂ ನಡೆದಿದ್ದರೆ ಮಾತ್ರ. ಬರೀ ಮಾತಿನಲ್ಲಿ ಕಿಚ್ಚು ಹಚ್ಚಿದ್ದರೂ ಅರಬ್ಬಿ ಅದನ್ನು ಫಿತ್ನಾ ಎನ್ನುತ್ತದೆ, ಗಲಭೆ ಆಗಿರುವುದಿಲ್ಲ. ಪ್ರವಚನದ ವರದಿಯಾದರೆ ‘ಪರೀಕ್ಷೆ’ ಅಥವಾ ‘ಪ್ರಲೋಭನೆ’. ಹೆಣ್ಣನ್ನು ಕುರಿತು ಪದ ಬಂದಲ್ಲಿ ‘ಕೇಡು’ ಎಂದು, ಹಣವನ್ನು ಕುರಿತು ಬಂದಲ್ಲಿ ‘ಪರೀಕ್ಷೆ’ ಎಂದು ಬರೆಯುವ ಚಾಳಿ ನಮ್ಮ ಅನುವಾದಗಳಲ್ಲಿದೆ. ಮೂಲದಲ್ಲಿ ಎರಡೂ ಕಡೆ ಒಂದೇ ಪದ ಇರುವಾಗ ಕನ್ನಡದಲ್ಲೂ ಒಂದೇ ಇರಲಿ.

ಕಾಗುಣಿತದ ಮಾತು. ‘ಫಿತನಾ’, ‘ಫಿಟ್ನಾ’ ಎರಡೂ ತಪ್ಪು. ತಕಾರಕ್ಕೆ ನಕಾರದ ಒತ್ತು ಕೊಟ್ಟು ‘ಫಿತ್ನಾ’ ಎಂದು ಬರೆದರೆ ಸರಿ; ಕೊನೆಯ ದೀರ್ಘ ಅರಬ್ಬಿಯದ್ದಲ್ಲ, ಉರ್ದುವಿನ ರೂಢಿ, ಮದರಸಾ ಎಂಬಲ್ಲಿ ಇರುವ ಹಾಗೆ. ಅರಬ್ಬಿಯಲ್ಲಿ ಮುಂದಿನ ಪದಕ್ಕೆ ಷಷ್ಠಿಯಾಗಿ ಸೇರುವಾಗ ಅಡಗಿದ್ದ ತಕಾರ ಎದ್ದು ‘ಫಿತ್ನತುಲ್ ಖವಾರಿಜ್’ ಆಗಬೇಕು. ಪಾಕಿಸ್ತಾನದ ಪ್ರಕಟಣೆಗಳೇ ‘ಫಿತ್ನಾ ಅಲ್ ಖವಾರಿಜ್’ ಎಂದು ಬರೆಯುವುದರಿಂದ ನಾವು ತಿದ್ದಲು ಹೋಗುವುದು ಬೇಡ. ತಿದ್ದಬೇಕಾದ್ದು ‘ಸಂಘಟನೆಯ’ ಎಂಬ ಪದವನ್ನು. ‘ಪಾಕಿಸ್ತಾನ ಸರ್ಕಾರ “ಫಿತ್ನಾ ಅಲ್ ಖವಾರಿಜ್” ಎಂದು ಕರೆಯುವ ಟಿಟಿಪಿಯ ಉಗ್ರರು’ ಎಂದು ಬರೆದರೆ ನಾಲ್ಕು ಪದ ಹೆಚ್ಚಾಗುತ್ತವೆ. ಶೀರ್ಷಿಕೆಯಲ್ಲಿ ಜಾಗವಿಲ್ಲದಿದ್ದರೆ ‘ಟಿಟಿಪಿ’ ಎಂಬ ಮೂರಕ್ಷರ ಹಿಡಿಸುತ್ತದೆ. ‘ಫಿತ್ನಾ ಅಲ್ ಹಿಂದುಸ್ತಾನ್ ಸಂಘಟನೆ’ ಎಂದು ಈಗಾಗಲೇ ಅಚ್ಚಾಗಿರುವ ಕಡೆಗಳಿಗೆ ಇದೇ ಅಂಕಣದ ಕೆಳಗೆ ಎರಡು ಸಾಲಿನ ತಿದ್ದುಪಡಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಓದುಗ